ಕುರ್ಚಿ ಹಾಕಿ ಹೊರಗೆ ನಿಲ್ಲುವ ಅಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಈಜುಕೊಳದ ಹಿಂಬಾಗಿಲಿನ ಮುಂದೆ ಕೊಳಾಯಿ ರಿಪೇರಿಯವರ ಹಳೆಯ ವ್ಯಾನೊಂದು ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ತೆಗೆದರೆ ಒಳಗೆ ಪೈಪು, ಪಾನಾ, ಯಾರ ಮನೆಯದೋ ಒಂದು ಒಡೆದ ಸಿಂಕು. ಅವುಗಳ ಮೇಲೆ ಹಗ್ಗ ಬಿಗಿದು ಮಲಗಿಸಿದ ಮರದ ಮಡಚು ಕುರ್ಚಿಗಳು. ಐವತ್ತೈದು ದಾಟಿದ ಹೆಂಗಸೊಬ್ಬರು ಒಂದೊಂದು ಕಂಕುಳಿಗೆ ಎರಡೆರಡು ಕುರ್ಚಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಾರೆ. ಅವರ ಹಿಂದೆ ಗಂಡ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಉಳಿದ ಕುರ್ಚಿಗಳನ್ನು ಹೊತ್ತು ಗೊಣಗುತ್ತಾ ಬರುತ್ತಾರೆ. ಬಾಯಲ್ಲಿ ಟಾರ್ಚು ಇರುವುದರಿಂದ ಗೊಣಗಾಟ ಯಾರಿಗೂ ಅರ್ಥವಾಗುವುದಿಲ್ಲ. ಅದೂ ಒಳ್ಳೆಯದೇ ಆಯಿತು ಎನ್ನುತ್ತಾರೆ ಹೆಂಡತಿ.

ಕೋಣೆ ಈಜುಕೊಳದ ಮೇಲಂತಸ್ತಿನದು. ಒಂದು ಗೋಡೆ ಪೂರ್ತಿ ಗಾಜು. ಕೆಳಗೆ ನೀಲಿ ನೀರು, ಬೆಳಗಿನ ಈಜಿಗೆ ಬಂದ ನಾಲ್ಕಾರು ಮುದುಕರ ಟೋಪಿ ಹಾಕಿದ ತಲೆಗಳು. ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ಆಕೆ ಕುರ್ಚಿಗಳನ್ನು ದುಂಡಗೆ ಹಾಕುತ್ತಾರೆ. ಆಮೇಲೆ ಪ್ರತಿಯೊಂದರ ಮೇಲೂ ತಾವೇ ಕೂತು, ಹಿಂದಕ್ಕೆ ಮುಂದಕ್ಕೆ ಅಲ್ಲಾಡಿ ನೋಡುತ್ತಾರೆ. ಕಿರುಗುಟ್ಟುವುದನ್ನು ಎತ್ತಿ ಮೂಲೆಗಿಡುತ್ತಾರೆ. "ಕಷ್ಟದ ಮಾತು ಗಂಟಲ ತನಕ ಬಂದಿರುತ್ತೆ. ಆಗ ಕುರ್ಚಿ ಕಿರ್ ಅಂದ್ರೆ ಎಲ್ರೂ ಆ ಕಡೆ ತಿರುಗ್ತಾರೆ, ಮಾತು ವಾಪಸ್ ಹೊಟ್ಟೆಗೆ ಹೋಗ್ಬಿಡುತ್ತೆ," ಎನ್ನುತ್ತಾರೆ. ನಡುವೆ ಮೇಜು ಹಾಕುವುದಿಲ್ಲ. ಮೇಜು ಇದ್ದರೆ ಜನ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರಂತೆ.

ಇವರ ನೇಮಕದ ಕಾಗದದಲ್ಲಿ 'ಕುಟುಂಬ ಸಭೆಯ ಸಂಯೋಜಕಿ' ಎಂದಿದೆ. ಆ ಹೆಸರಿನಿಂದ ಇವರನ್ನು ಕರೆದವರು ಯಾರೂ ಇಲ್ಲ. ಮಕ್ಕಳ ನಿಲಯಗಳಲ್ಲಿ ಬೆಳೆಯುತ್ತಿರುವ ಹದಿಹರೆಯದ ಹುಡುಗ ಹುಡುಗಿಯರಿಗೆ ಇವರು ಕುರ್ಚಿ ಅಕ್ಕ. ಮನೆಯಲ್ಲಿ ಇರಲಾಗದೆಯೋ, ಇಟ್ಟುಕೊಳ್ಳುವವರಿಲ್ಲದೆಯೋ ಸರ್ಕಾರದ ಪಾಲನೆಗೆ ಬಂದ ಮಕ್ಕಳ ಮುಂದಿನ ದಾರಿಯನ್ನು ಸಾಮಾನ್ಯವಾಗಿ ಅಧಿಕಾರಿಗಳು ಕೂತು ತೀರ್ಮಾನಿಸುತ್ತಾರೆ. ಅಕ್ಕನ ಕೆಲಸ ಅದಕ್ಕೆ ತಿರುವುಮುರುವು. ಮಗುವಿನ ಚದುರಿಹೋದ ಬಂಧುಬಳಗವನ್ನು ಹುಡುಕಿ, ಒಪ್ಪಿಸಿ, ಒಂದು ಕೋಣೆಯಲ್ಲಿ ಕೂಡಿಸಬೇಕು. ಮಗುವಿನ ಬಗ್ಗೆ ತಮಗಿರುವ ಆತಂಕವನ್ನು ಅಧಿಕಾರಿ ನೇರವಾಗಿ ಹೇಳಬೇಕು. ಅಷ್ಟಾದ ಮೇಲೆ ಅಧಿಕಾರಿಯೂ ಅಕ್ಕನೂ ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಒಳಗೆ ಮನೆಯವರೇ, ಮಗುವನ್ನು ನಡುವೆ ಕೂರಿಸಿಕೊಂಡು, ಏನು ಮಾಡೋಣ ಎಂದು ಯೋಚಿಸಬೇಕು. ಬಾಗಿಲು ಒಳಗಿನಿಂದ ತೆರೆಯುವ ತನಕ ಹೊರಗಿನವರು ಮೂಗು ತೂರಿಸುವಂತಿಲ್ಲ.

ಕೇಳಲು ಸಲೀಸು. ಆದರೆ ಒಂದು ಬೆಳಗಿನ ಸಭೆಗೆ ಒಂದೂವರೆ ತಿಂಗಳ ಓಡಾಟ ಬೇಕು. ಫೋನ್ ಮಾಡಿದರೆ ಕಟ್ ಮಾಡುತ್ತಾರೆ, ಬಾಗಿಲು ಬಡಿದರೆ ಕಿಟಕಿಯ ಪರದೆ ಎಳೆಯುತ್ತಾರೆ. ನಮಗೂ ಅವಳಿಗೂ ಸಂಬಂಧ ಹರಿದು ಎಷ್ಟೋ ಕಾಲವಾಯಿತು ಎನ್ನುವ ಮಾತನ್ನು ಅಕ್ಕ ವಾರಕ್ಕೊಮ್ಮೆಯಾದರೂ ಕೇಳುತ್ತಾರೆ. ಒಬ್ಬ ದೊಡ್ಡಪ್ಪ ನಾಯಿಯನ್ನೇ ಬಿಟ್ಟಿದ್ದ. ಆ ನಾಯಿ ಈಗಲೂ ಇವರನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ, ದೊಡ್ಡಪ್ಪ ಮಾತ್ರ ಮುಖ ತಿರುಗಿಸುತ್ತಾನೆ.

ಅಕ್ಕನ ಬಳಿ ಇದಕ್ಕೊಂದು ಉಪಾಯವಿದೆ. ಮೊದಲ ಭೇಟಿಯಲ್ಲಿ ಸಭೆಯ ಸುದ್ದಿಯನ್ನೇ ಎತ್ತುವುದಿಲ್ಲ. ಹೊಸ್ತಿಲಲ್ಲೇ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: ಆ ಮಗು ಚಿಕ್ಕದಿದ್ದಾಗ ಊಟಕ್ಕೆ ಹಟ ಮಾಡುತ್ತಿತ್ತಾ? "ಬಾಗಿಲು ಹಾಕೋಕೆ ಅಂತ ಕೈ ಇಟ್ಟೋರು ಅಲ್ಲೇ ನಿಲ್ತಾರೆ. ಯೋಚನೆ ಮಾಡ್ತಾರೆ. 'ಅಯ್ಯೋ, ಅದರ ಕಥೆ ಏನು ಹೇಳೋದು' ಅಂತ ಶುರು ಮಾಡ್ತಾರೆ. ಆಮೇಲೆ ನಾನು ಬರೀ ಹೂಂ ಅಂದ್ರೆ ಸಾಕು."

ಈ ಕೆಲಸಕ್ಕೆ ಬರುವ ಮೊದಲು ಅವರು ರೈಲು ನಿಲ್ದಾಣದಲ್ಲಿದ್ದರು, ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ. ಕೊಡೆ, ಸೂಟ್‌ಕೇಸು, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು; ಎಲ್ಲದಕ್ಕೂ ಒಡೆಯರನ್ನು ಹುಡುಕಿಕೊಡುವುದರಲ್ಲಿ ಎತ್ತಿದ ಕೈ. ಕೌಂಟರು ಮುಚ್ಚಿದಾಗ ಹಳೆಯ ವಿಶ್ರಾಂತಿ ಕೋಣೆಯ ಮಡಚು ಕುರ್ಚಿಗಳನ್ನು ಗುಜರಿಗೆ ಹಾಕುವವರಿದ್ದರು. ಇವರು ಮನೆಗೆ ತಂದರು. ಸಭೆಗೆ ಸಿಗುವ ಕೋಣೆಗಳಲ್ಲೆಲ್ಲ ಕುರ್ಚಿಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸಾಲಿನಲ್ಲಿ ಕೂತ ಜನ ಭಾಷಣ ಕೇಳಲು ಬಂದವರಂತೆ ಕೈಕಟ್ಟಿ ಕೂತುಬಿಡುತ್ತಾರೆ ಎನ್ನುವುದು ಅವರಿಗೆ ಆಮೇಲೆ ಗೊತ್ತಾಯಿತು. ಅಂದಿನಿಂದ ಕುರ್ಚಿಗಳು ಗಂಡನ ವ್ಯಾನಿನಲ್ಲಿ ಊರು ಸುತ್ತುತ್ತಿವೆ. ಗಂಡ ಇದನ್ನು ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಾರೆ: "ಊರಿನೋರಿಗೆಲ್ಲ ಕುರ್ಚಿ ಹಾಕ್ತಾಳೆ. ನಮ್ಮನೇಲಿ ಇರೋದು ಮೂರು, ಅದರಲ್ಲಿ ಒಂದಕ್ಕೆ ಕಾಲಿಲ್ಲ."

ಈಜುಕೊಳದ ಮೇಲಿನ ಈ ಕೋಣೆಯನ್ನು ಆರಿಸಿದ್ದು ಅಕ್ಕ ಅಲ್ಲ. ಜಾಗ ಯಾವುದು, ಯಾರು ಬರಬೇಕು, ತಿನ್ನಲು ಏನಿರಬೇಕು, ಇವೆಲ್ಲ ಯಾರ ಸಲುವಾಗಿ ಸಭೆಯೋ ಅವರ ಇಷ್ಟ. ಇವತ್ತಿನ ಸಭೆ ಹದಿನೈದರ ಹುಡುಗಿಯೊಬ್ಬಳದು. ಅವಳ ತಾಯಿ ಈ ಕೊಳದಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಕೆಲಸ ಮುಗಿದ ಮೇಲೆ ಮಗಳಿಗೆ ಇಲ್ಲೇ ಈಜು ಕಲಿಸಿದ್ದಳು. ತಂದೆ ತೀರಿಕೊಂಡ ಮೇಲೆ ತಾಯಿಯ ಮನಸ್ಸು ಕೆಟ್ಟಿತು. ಈಗ ಅವಳು ಆಸ್ಪತ್ರೆಯಲ್ಲಿದ್ದಾಳೆ, ಚಿಕಿತ್ಸೆ ದೀರ್ಘವಾದದ್ದು. ಬಂಧುಗಳು ಒಂದಾಗದೆ ಹುಡುಗಿ ಮಕ್ಕಳ ನಿಲಯಕ್ಕೆ ಬಂದಳು. ತಿಂಡಿಗೆ ಏನು ಬೇಕು ಎಂದು ಕೇಳಿದ್ದಕ್ಕೆ ಚಾಕೊಲೇಟ್ ಕೇಕ್ ಎಂದಿದ್ದಾಳೆ. ಬೆಳ್ಳಂಬೆಳಿಗ್ಗೆ ಯಾರು ಕೇಕ್ ತಿನ್ನುತ್ತಾರೆ ಎಂದು ಅಕ್ಕ ಕೇಳಲಿಲ್ಲ. ಕೇಕ್ ಬಂದಿದೆ, ಕಿಟಕಿಯ ಕಟ್ಟೆಯ ಮೇಲೆ ಡಬ್ಬದಲ್ಲಿ ಕೂತಿದೆ.

ಈ ಹುಡುಗಿ ಓಡುತ್ತಾಳೆ. ಅದೇ ತಾಪತ್ರಯ. ಒಂದು ನಿಲಯದಿಂದ ಓಡಿದಳು, ಇನ್ನೊಂದಕ್ಕೆ ಹಾಕಿದರು, ಅಲ್ಲಿಂದಲೂ ಓಡಿದಳು. ಕೊನೆಯ ಸಲ ಬಸ್ ತಂಗುದಾಣದ ಬೆಂಚಿನ ಮೇಲೆ ಮುದುಡಿ ಮಲಗಿದ್ದವಳನ್ನು ಪೊಲೀಸರು ಎಬ್ಬಿಸಿ ತಂದರು. ಇನ್ನು ತಡೆದರೆ ಹುಡುಗಿ ಕೈತಪ್ಪಿ ಹೋಗುತ್ತಾಳೆ ಎಂದು ಮಕ್ಕಳ ರಕ್ಷಣಾ ಅಧಿಕಾರಿಗೆ ಹೆದರಿಕೆ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ, ಗೇಟಿಗೆ ಸದಾ ಬೀಗವಿರುವ ನಿಲಯದಲ್ಲಿ ಜಾಗ ಹಿಡಿದಿಟ್ಟಿದ್ದಾರೆ. ಸೋಮವಾರ ಅವಳನ್ನು ಕರೆದೊಯ್ಯಲು ಗಾಡಿ ಬರುತ್ತದೆ. ಇವತ್ತು ಶನಿವಾರ. ಮನೆಯವರು ಇವತ್ತು ಒಪ್ಪುವಂಥ ದಾರಿಯೊಂದನ್ನು ಕಂಡುಕೊಂಡರೆ ಗಾಡಿ ಬರುವುದಿಲ್ಲ. ಇಲ್ಲದಿದ್ದರೆ ಅವಳು ತಾಯಿಯ ಆಸ್ಪತ್ರೆಯಿಂದ, ಶಾಲೆಯಿಂದ, ಈ ನೀರಿನಿಂದ ದೂರ ಹೋಗುತ್ತಾಳೆ.

ಅಧಿಕಾರಿ ಕೆಟ್ಟವರಲ್ಲ. ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಅಕ್ಕಾ, ನನಗೆ ಬೇರೇನೂ ಬೇಡ. ಹುಡುಗಿ ಜೀವಂತ ಇರ್ಬೇಕು, ಅಷ್ಟೇ," ಎಂದು ಮೊದಲೇ ಹೇಳಿದ್ದಾರೆ.

ಸಭೆಗೆ ಬರುವ ಬಂಧುಗಳು ಮೂವರು. ಒಬ್ಬರು ತಾಯಿಯ ತಾಯಿ, ಅಜ್ಜಿ. ಇನ್ನೊಬ್ಬ ತಾಯಿಯ ಅಣ್ಣ, ಸೋದರಮಾವ; ಸಿಟಿ ಬಸ್ಸಿನ ಡ್ರೈವರ್. ಮೂರನೆಯವಳು ತೀರಿಕೊಂಡ ತಂದೆಯ ತಂಗಿ, ಸೋದರತ್ತೆ. ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ, ಅಂಗಡಿಯ ಹಿಂದೆಯೇ ವಾಸ. ಮಾವನಿಗೂ ಅತ್ತೆಗೂ ಹಾವು ಮುಂಗುಸಿ. ತಂದೆ ತೀರಿಕೊಂಡ ದಿನ ಆಸ್ಪತ್ರೆಯ ವರಾಂಡದಲ್ಲಿ ಇಬ್ಬರೂ ಆಡಬಾರದ ಮಾತಾಡಿದ್ದರು. ನನ್ನ ಅಣ್ಣನನ್ನು ನಿನ್ನ ತಂಗಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಇವಳು, ನಿನ್ನ ಅಣ್ಣನಿಂದ ನನ್ನ ತಂಗಿಯ ಬಾಳು ಹಾಳಾಯಿತು ಎಂದು ಅವನು. ಅಂದಿನಿಂದ ಮಾತಿಲ್ಲ. ಅತ್ತೆ ಅವನು ಓಡಿಸುವ ಮಾರ್ಗದ ಬಸ್ಸನ್ನೇ ಹತ್ತುವುದಿಲ್ಲ, ನಡೆದು ಹೋಗುತ್ತಾಳೆ.

ಇಬ್ಬರನ್ನೂ ಒಂದೇ ಕೋಣೆಗೆ ಬರಲು ಒಪ್ಪಿಸುವಷ್ಟರಲ್ಲಿ ಅಕ್ಕನ ಚಪ್ಪಲಿ ಸವೆದಿತ್ತು. ಹಾಗಾಗಿ ಇವತ್ತು ಕುರ್ಚಿ ಹಾಕುವಾಗ ತುಂಬ ಲೆಕ್ಕಾಚಾರ ಮಾಡಿದ್ದಾರೆ. ಮಾವನ ಕುರ್ಚಿ ಗಾಜಿನ ಗೋಡೆಯ ಕಡೆ, ಅತ್ತೆಯದು ಬಾಗಿಲ ಕಡೆ. ಮಧ್ಯೆ ಒಂದು ಬದಿಯಲ್ಲಿ ಅಜ್ಜಿ, ಇನ್ನೊಂದು ಬದಿಯಲ್ಲಿ ಹುಡುಗಿ. ಜಗಳ ಹತ್ತಿಕೊಂಡರೆ ಕೈಗೆ ಕೈ ತಾಗದಷ್ಟು ದೂರ. ಎದ್ದು ಹೊರಟರೂ ಒಬ್ಬರನ್ನೊಬ್ಬರು ದಾಟಿ ಹೋಗಬೇಕಾಗಿಲ್ಲ. ದೂರ ನಿಂತು ನೋಡಿ, ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವಂತೆ ತಲೆಯಾಡಿಸುತ್ತಾರೆ.

ಹುಡುಗಿ ಎಲ್ಲರಿಗಿಂತ ಮೊದಲು ಬರುತ್ತಾಳೆ. ಕೇಕಿನ ಡಬ್ಬ ತೆರೆದು, ಇದೆ ಎಂದು ಖಾತ್ರಿ ಮಾಡಿಕೊಂಡು ಮುಚ್ಚುತ್ತಾಳೆ. ಯಾರು ಎಲ್ಲಿ ಕೂರುವುದು ಎಂದು ಕೇಳುತ್ತಾಳೆ, ಅಕ್ಕ ತೋರಿಸುತ್ತಾರೆ. ಹುಡುಗಿ ಹೋಗಿ, ಅತ್ತೆಯ ಕುರ್ಚಿ ಎತ್ತಿಕೊಂಡು ಬಂದು, ಮಾವನ ಕುರ್ಚಿಗೆ ಅಂಟಿಸಿ ಇಡುತ್ತಾಳೆ. ತನ್ನದನ್ನು ಎಳೆದು ಆ ಎರಡರ ಎದುರಿಗೆ ಹಾಕಿಕೊಳ್ಳುತ್ತಾಳೆ.

ಅಕ್ಕ ಹತ್ತಿರ ಬರುತ್ತಾರೆ. ಅವರಿಬ್ಬರೂ ಅಷ್ಟು ಹತ್ತಿರ ಕೂರಲಾರರು ಎಂದು ಮೆಲ್ಲಗೆ ಹೇಳಿ ನೋಡುತ್ತಾರೆ.

"ದೂರ ಕೂರಿಸಿದ್ರೆ ಇಬ್ರೂ ನಿಮ್ಮ ಮುಖ ನೋಡ್ಕೊಂಡು ನಯವಾಗಿ ಮಾತಾಡ್ತಾರೆ," ಎನ್ನುತ್ತಾಳೆ ಹುಡುಗಿ. "ನಯವಾಗಿ ಮಾತಾಡೋಕೆ ಅವರನ್ನ ಯಾಕೆ ಕರೀಬೇಕು?"

ಕುಟುಂಬ ಸಭೆ ಕೂಡಿಸುವವರು ಮಾತ್ರ ಮಾಡುವ ತಪ್ಪು ಇದು. ಜನರನ್ನು ಕರೆತರಲು ಎಷ್ಟು ಕಷ್ಟಪಟ್ಟಿರುತ್ತಾರೆಂದರೆ, ಬಂದವರು ಎದ್ದು ಹೋಗದಿದ್ದರೆ ಸಾಕು ಎನಿಸಿಬಿಡುತ್ತದೆ. ಜಗಳ ಬಾರದಂತೆ ಕೋಣೆಯನ್ನು ಸಜ್ಜು ಮಾಡಿದರೆ ಮಾತೂ ಬರುವುದಿಲ್ಲ ಎನ್ನುವುದು ಅವಸರದಲ್ಲಿ ಮರೆತುಹೋಗುತ್ತದೆ. ಅಕ್ಕನಿಗೆ ಕುರ್ಚಿಯನ್ನು ಹಿಂದಕ್ಕೆ ಎಳೆಯಬೇಕು ಎಂದು ಕೈ ತುರಿಸುತ್ತದೆ. ಆದರೆ ಕೋಣೆ ಹುಡುಗಿಯದು. ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

ಎಲ್ಲರೂ ಬರುತ್ತಾರೆ. ಮಾವ ಸಮವಸ್ತ್ರದಲ್ಲೇ ಬಂದಿದ್ದಾನೆ, ಮಧ್ಯಾಹ್ನದ ಪಾಳಿಗೆ ಹೋಗಬೇಕು. ಅತ್ತೆಯ ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಉಳಿದುಬಿಟ್ಟಿದೆ. ಪಕ್ಕಪಕ್ಕದ ಕುರ್ಚಿ ನೋಡಿ ಇಬ್ಬರೂ ನಿಲ್ಲುತ್ತಾರೆ. ಅಜ್ಜಿ ಮಾತ್ರ ಧಾರಾಳವಾಗಿ ಕೂತು, ನಿಂತಿರೋದಕ್ಕೆ ಬಂದ್ರಾ, ಕೂತ್ಕೊಳ್ಳಿ ಎಂದು ಗದರಿಸುತ್ತಾರೆ. ಇಬ್ಬರೂ ತಂತಮ್ಮ ಕುರ್ಚಿಯ ಹೊರತುದಿಗೆ ಕೂರುತ್ತಾರೆ. ಅಧಿಕಾರಿ ತಮ್ಮ ಭಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಸೋಮವಾರದ ಗಾಡಿಯ ವಿಷಯವನ್ನೂ ಹೇಳುತ್ತಾರೆ. ಹುಡುಗಿ ಕೆಳಗಿನ ನೀರನ್ನು ನೋಡುತ್ತಿರುತ್ತಾಳೆ. ಆಮೇಲೆ ಅಕ್ಕ ಎದ್ದು, ಅಧಿಕಾರಿಯನ್ನು ಎಬ್ಬಿಸಿ, ಹೊರಗೆ ಬಂದು ಬಾಗಿಲು ಹಾಕುತ್ತಾರೆ.

ಬಾಗಿಲ ಹೊರಗೆ ಒಂದು ಉದ್ದ ಮೊಗಸಾಲೆ. ಗೋಡೆಗೆ ಒದ್ದೆ ಟವೆಲ್ ನೇತುಹಾಕುವ ಗೂಟಗಳು. ಅಕ್ಕ ಅಲ್ಲಿ ಕೂರುವುದಿಲ್ಲ, ನಿಲ್ಲುತ್ತಾರೆ. ಅವರ ಕೆಲಸದಲ್ಲಿ ಅತಿ ಕಷ್ಟದ್ದು ಇದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಒಳಗೆ ಕೂಗಾಟ ಕೇಳಿ ಬಾಗಿಲು ತೆರೆದುಬಿಟ್ಟಿದ್ದರು. "ಎಲ್ರೂ ಒಟ್ಟಿಗೆ ನನ್ನ ಕಡೆ ತಿರುಗಿದ್ರು. 'ನೋಡಿ ಮೇಡಂ, ನೀವೇ ಹೇಳಿ' ಅಂದ್ರು. ಅಷ್ಟೇ. ಅಲ್ಲಿಂದ ಅವರು ಯೋಚನೆ ಮಾಡೋದೇ ನಿಲ್ಲಿಸಿದ್ರು. ನಾನು ಬಾಗಿಲು ತೆಗೀಲಿಲ್ಲ ಅಂದಿದ್ರೆ ಏನಾಗ್ತಿತ್ತೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ."

ಇವತ್ತು ಮೊದಲು ಒಳಗಿಂದ ಸದ್ದೇ ಇಲ್ಲ. ಕೆಳಗೆ ಈಜಿನ ಮಾಸ್ತರರ ಸೀಟಿ, ನೀರಿಗೆ ಬಿದ್ದವರ ಧಡ್ ಸಪ್ಪಳ. ಅಧಿಕಾರಿ ಗಡಿಯಾರ ನೋಡುತ್ತಾರೆ. ಆಮೇಲೆ ಅತ್ತೆಯ ದನಿ ಏರುತ್ತದೆ. ಅದರ ಮೇಲೆ ಮಾವನ ದನಿ. ಎರಡೂ ಒಂದರ ಮೇಲೊಂದು ಬಿದ್ದು ಏನೂ ತಿಳಿಯದಂತಾಗುತ್ತದೆ. ಕುರ್ಚಿಯೊಂದು ಧೊಪ್ಪನೆ ಉರುಳಿದ ಸದ್ದಾಗುತ್ತದೆ.

ಅಧಿಕಾರಿ ಧಾವಿಸಿ ಬಾಗಿಲ ಬಳಿ ಬರುತ್ತಾರೆ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಹುಡುಗಿಗೆ ಏಟು ಬಿದ್ದರೆ ಜವಾಬ್ದಾರಿ ಯಾರದು ಎಂದು ಅಧಿಕಾರಿ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಅಕ್ಕನ ಕಿವಿ ನಿಮಿರಿದೆ. ಹುಡುಗಿಯ ದನಿಗಾಗಿ ಕಾಯುತ್ತಿದ್ದಾರೆ. ಅವಳು ಅತ್ತರೆ, ಬಾಗಿಲು ಬಡಿದರೆ, ತೆರೆಯಲೇಬೇಕು. ಹಿಂದಿನ ಸಲದ ಆ ಮುಖಗಳೆಲ್ಲ ಕಣ್ಣ ಮುಂದೆ ಬರುತ್ತವೆ, ಈ ಸಲ ತೆರೆಯದೆ ಇದ್ದದ್ದೇ ತಪ್ಪಾದರೆ ಏನು ಗತಿ ಎಂದೂ ಅನಿಸುತ್ತದೆ.

ಆಗ ಹುಡುಗಿಯ ದನಿ ಕೇಳುತ್ತದೆ. ಅಳು ಅಲ್ಲ. ಎರಡೂ ದೊಡ್ಡ ದನಿಗಳನ್ನು ಅಡಗಿಸಿ ಅವಳೊಬ್ಬಳೇ ಏನನ್ನೋ ಹೇಳುತ್ತಾಳೆ. ಉದ್ದವಾಗಿ, ಎಲ್ಲೂ ನಿಲ್ಲಿಸದೆ. ಯಾರೋ ಮೂಗು ಸೀನುತ್ತಾರೆ. ಬಹಳ ಹೊತ್ತಾದ ಮೇಲೆ, ಅಧಿಕಾರಿ ನಂಬದೆ ಅಕ್ಕನ ಮುಖ ನೋಡುವ ಹಾಗೆ, ಒಳಗೆ ಅಜ್ಜಿ ಗಹಗಹಿಸಿ ನಗುತ್ತಾರೆ.

ಬಾಗಿಲು ಒಳಗಿನಿಂದ ತೆರೆಯುತ್ತದೆ. ತೆರೆದವನು ಮಾವ, ಕಣ್ಣು ಕೆಂಪಗಿದೆ. ಕೇಕ್ ಮುಕ್ಕಾಲು ಖಾಲಿ. ಅತ್ತೆಯ ಕುರ್ಚಿ ನೆಲದ ಮೇಲೆ ಬಿದ್ದೇ ಇದೆ, ಅವಳು ನಿಂತೇ ಇದ್ದಾಳೆ, ಅವಳ ಒಂದು ಕೈ ಹುಡುಗಿಯ ತಲೆಯ ಮೇಲಿದೆ.

ಆಗಿದ್ದು ಇಷ್ಟು. ಅಧಿಕಾರಿಯ ಮಾತು ಕೇಳಿ ಉರಿದುಹೋಗಿದ್ದ ಅತ್ತೆ, ಪಕ್ಕದಲ್ಲಿದ್ದವನ ಕಡೆ ತಿರುಗಿ, ನೀವು ನೋಡಿಕೊಳ್ಳದ್ದಕ್ಕೇ ಮಗು ಓಡಿ ಓಡಿ ನನ್ನ ಅಂಗಡಿಗೆ ಬರುತ್ತಿತ್ತು ಎಂದುಬಿಟ್ಟಳು. ಮಾವ ದಂಗಾದ. ನಿನ್ನ ಅಂಗಡಿಗಾ, ಅವಳು ಬರುತ್ತಿದ್ದದ್ದು ನನ್ನ ಬಸ್ಸಿಗೆ ಎಂದ. ಇಬ್ಬರಿಗೂ ಅಲ್ಲಿಯ ತನಕ ಇನ್ನೊಬ್ಬರ ಸಂಗತಿ ಗೊತ್ತೇ ಇರಲಿಲ್ಲ. ಮಾವನ ಬಸ್ಸಿಗೆ ಹತ್ತಿದಾಗಲೆಲ್ಲ ಅವನು ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟು, ಬಸ್ಸಿನ ಡ್ರೈವರ್ ಎಂದಷ್ಟೇ ಹೇಳಿ ನಿಲಯಕ್ಕೆ ಫೋನ್ ಮಾಡಿ ಒಪ್ಪಿಸಿದ್ದ. ಸೋದರ ಸೊಸೆಯನ್ನು ಕೈಯಾರೆ ಹಿಂದಕ್ಕೆ ಕಳಿಸಿದೆ ಎಂಬ ನಾಚಿಕೆಗೆ ತನ್ನ ತಾಯಿಗೂ ಹೇಳಿರಲಿಲ್ಲ. ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿಗೆ ಹಾಸಿ ಮಲಗಿಸಿ, ಬೆಳಿಗ್ಗೆ ಟ್ಯಾಕ್ಸಿ ಹತ್ತಿಸಿ ಕಳಿಸಿದ್ದಳು. ಮಗುವನ್ನು ಕದ್ದಿಟ್ಟುಕೊಂಡೆ ಎಂದು ತಾಯಿಯ ಕಡೆಯವರು ದೂರು ಕೊಟ್ಟಾರು ಎಂಬ ಭಯಕ್ಕೆ, ಯಾರಿಗೂ ಹೇಳಬೇಡ ಎಂದಿದ್ದಳು. ಹುಡುಗಿ ಹೇಳಿರಲಿಲ್ಲ.

ಮತ್ತೆ ಆ ಬಸ್ ತಂಗುದಾಣ? ಅದು ಅತ್ತೆಯ ಅಂಗಡಿಯ ಎದುರಿಗೇ ಇರುವುದು. ಆವತ್ತು ಅತ್ತೆಗೆ ಜ್ವರ, ಮಾತ್ರೆ ನುಂಗಿ ಶಟರ್ ಎಳೆದು ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಹುಡುಗಿ ಬಡಿದದ್ದು ಕೇಳಿಸಿರಲಿಲ್ಲ. ಶಟರ್ ಯಾವಾಗಲಾದರೂ ಮೇಲೆ ಹೋಗುತ್ತದೆ ಎಂದು ಹುಡುಗಿ ಎದುರಿನ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದಳು, ಕೂತಲ್ಲೇ ನಿದ್ದೆ ಹೋಗಿದ್ದಳು. ಅದು ಯಾವ ತಂಗುದಾಣ ಎಂದು ಮಾವ ಕೂಗಿ ಹೇಳಿದಾಗ, ಒಂದು ರಸ್ತೆಯ ಆಚೆ ತಾನು ಹೊದ್ದು ಮಲಗಿದ್ದೆ ಎಂದು ತಿಳಿದ ಕೂಡಲೇ ಅತ್ತೆ ಎದ್ದ ರಭಸಕ್ಕೆ ಕುರ್ಚಿ ಉರುಳಿದ್ದು.

"ನಾನು ಓಡಿಹೋಗ್ತಿರ್ಲಿಲ್ಲ," ಎಂದಿದ್ದಳು ಹುಡುಗಿ, ಬಾಗಿಲ ಹೊರಗೆ ಅಕ್ಕನಿಗೆ ದನಿ ಮಾತ್ರ ಕೇಳಿಸಿದ ಆ ಉದ್ದನೆಯ ಮಾತಿನಲ್ಲಿ. "ಮನೆಗೆ ಬರ್ತಿದ್ದೆ. ನೀವೆಲ್ಲ ವಾಪಸ್ ಕಳಿಸ್ತಿದ್ರಿ."

ಈಗ ಅವರ ಯೋಜನೆಯನ್ನು ಅಜ್ಜಿಯೇ ಹೇಳುತ್ತಾರೆ, ಕೇಕ್ ಮೆತ್ತಿದ ಬೆರಳನ್ನು ಒರೆಸಿಕೊಳ್ಳುತ್ತಾ. ಹುಡುಗಿ ಅತ್ತೆಯ ಜೊತೆ ಅಂಗಡಿಯ ಹಿಂದಿನ ಮನೆಯಲ್ಲಿ ಇರುತ್ತಾಳೆ, ಶಾಲೆ ಈಗಿನದೇ. ವಾರದ ಕೊನೆಗೆ ಅಜ್ಜಿ ಮತ್ತು ಮಾವನ ಮನೆ. ತಾಯಿಯನ್ನು ನೋಡಲು ಮಾವ ಕರೆದೊಯ್ಯುತ್ತಾನೆ. ಇಲ್ಲಿಯ ತನಕ ಅಧಿಕಾರಿ ತಲೆಯಾಡಿಸುತ್ತಾರೆ. ಕೊನೆಯದನ್ನು ಕೇಳಿ ಅವರ ತಲೆಯಾಟ ನಿಂತುಹೋಗುತ್ತದೆ. ಹುಡುಗಿಗೆ ಓಡಬೇಕು ಎನಿಸಿದರೆ ಓಡಬಹುದು; ಒಳಗೆ ಅಜ್ಜಿ ನಕ್ಕಿದ್ದು ಇದಕ್ಕೇ. ಯಾರೂ ತಡೆಯುವುದಿಲ್ಲ, ಬೈಯುವುದಿಲ್ಲ. ಆದರೆ ಓಡುವುದು ಈ ಮೂರರಲ್ಲಿ ಒಂದು ಕಡೆಗೆ: ಅತ್ತೆಯ ಅಂಗಡಿ, ಮಾವನ ಬಸ್ಸು, ಅಜ್ಜಿಯ ಕೋಣೆ. ಅಂಗಡಿಯ ಶಟರಿನ ಬೀಗದ ಕೈ ಒಂದು ಅವಳ ಕುತ್ತಿಗೆಯಲ್ಲೇ ಇರುತ್ತದೆ. ಡಿಪೋದ ಎಲ್ಲ ಡ್ರೈವರುಗಳಿಗೂ ಮಾವ ಹೇಳಿಡುತ್ತಾನೆ, ಕೇಳದೆ ಹತ್ತಿಸಿಕೊಳ್ಳಿ ಎಂದು. ಎಲ್ಲಿಗೆ ತಲುಪಿದಳೋ ಅವರು ಉಳಿದವರಿಗೆ ಫೋನ್ ಮಾಡಿ 'ಬಂದಳು' ಎನ್ನಬೇಕು. ಅವಳ ಹೊಟ್ಟೆ ತುಂಬುವ ತನಕ ಯಾಕೆ ಎಂದು ಯಾರೂ ಕೇಳಬಾರದು.

ಅಧಿಕಾರಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಓಡಿಹೋಗುವುದಕ್ಕೆ ತಾನು ಒಪ್ಪಿಗೆ ಕೊಡಬೇಕೇ ಎಂದು ಕೇಳುತ್ತಾರೆ.

"ಅವಳು ಓಡ್ತಾಳೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು ಮಗಾ," ಎನ್ನುತ್ತಾರೆ ಅಜ್ಜಿ. "ಬೀಗ ಹಾಕಿದ್ರೆ ಬೀಗ ಹಾರಿ ಓಡ್ತಾಳೆ. ಆವಾಗ ಎಲ್ಲಿಗೆ ಅಂತ ದೇವರಿಗೂ ಗೊತ್ತಿರಲ್ಲ. ಇಲ್ಲಾದ್ರೆ ನಮಗೆ ಗೊತ್ತಿರುತ್ತೆ."

ಅಧಿಕಾರಿ ಗಾಜಿನ ಗೋಡೆಯ ಬಳಿ ಹೋಗಿ ನಿಲ್ಲುತ್ತಾರೆ. ಅಕ್ಕ ಬಾಯಿ ಬಿಡುವಂತಿಲ್ಲ. ಕಡೆಗೆ ಅಧಿಕಾರಿ ತಿರುಗಿ, ತಮ್ಮದೂ ಎರಡು ಷರತ್ತು ಎನ್ನುತ್ತಾರೆ. ಕತ್ತಲಾದ ಮೇಲೆ ನಡೆದು ಓಡುವಂತಿಲ್ಲ, ಬಸ್ಸಿನಲ್ಲೇ ಓಡಬೇಕು. 'ಬಂದಳು' ಎನ್ನುವ ಫೋನು ತಮಗೂ ಬರಬೇಕು. ಹುಡುಗಿ ಸ್ವಲ್ಪ ಯೋಚಿಸಿ, ಆಗಲಿ ಎನ್ನುತ್ತಾಳೆ, ರಿಯಾಯಿತಿ ಕೊಟ್ಟವಳ ಗತ್ತಿನಲ್ಲಿ. ಸೋಮವಾರದ ಗಾಡಿಯನ್ನು ಬೇಡವೆನ್ನಲು ಅಧಿಕಾರಿ ಅಲ್ಲಿಯೇ ಫೋನ್ ತೆಗೆಯುತ್ತಾರೆ. ಮಾವ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಕುರ್ಚಿಯನ್ನು ಎತ್ತಿ, ಅತ್ತೆಯ ಹಿಂದೆ ಇಡುತ್ತಾನೆ. ಅವಳು ಕೂರುತ್ತಾಳೆ. ಅಕ್ಕ ಉಳಿದ ಕೇಕನ್ನು ತುಂಡು ಮಾಡಿ ಎಲ್ಲರ ಕೈಗೂ ಇಡುತ್ತಾರೆ.

ಆಮೇಲೇನಾಯಿತು? ಹುಡುಗಿ ಓಡಿದಳು. ಮೊದಲ ತಿಂಗಳಲ್ಲೇ ಎರಡು ಸಲ. ಶಾಲೆಯಲ್ಲಿ ಯಾರೋ ತಾಯಿಯ ಬಗ್ಗೆ ಅಂದದ್ದಕ್ಕೆ ಪಾಠದ ಮಧ್ಯೆ ಎದ್ದು ಹೋಗಿ, ಸಿಕ್ಕಿದ ಬಸ್ ಹತ್ತಿದಳು. ಅದು ಮಾವನದಾಗಿರಲಿಲ್ಲ. ಮೀಸೆಯ ಡ್ರೈವರ್ ಒಬ್ಬ ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ, ಡಿಪೋ ತನಕ ಕರೆದೊಯ್ದು ಕ್ಯಾಂಟೀನಿನಲ್ಲಿ ಕೂರಿಸಿದ. ಫೋನುಗಳು ಹೋದವು: ಬಂದಳು. ಅತ್ತೆ ಅಂಗಡಿ ಬಿಟ್ಟು ಬಂದಳು, ಬಸ್ಸಿನಲ್ಲೇ. ಆಮೇಲೆ ಓಟ ಕಡಿಮೆಯಾಯಿತು. ಈಗ ಅವಳು ಓಡುವುದು ಈಜುಕೊಳಕ್ಕೆ, ಅದೂ ಟವೆಲ್ ಹಿಡಿದುಕೊಂಡು. ಅಧಿಕಾರಿ ಈಗ ಓಡಿಹೋದ ಮಕ್ಕಳನ್ನು ಯಾಕೆ ಓಡಿದೆ ಎಂದು ಮೊದಲು ಕೇಳುವುದಿಲ್ಲ. ಎಲ್ಲಿಗೆ ಹೊರಟಿದ್ದೆ ಎಂದು ಕೇಳುತ್ತಾರೆ. ಉತ್ತರ ಬಂದರೆ ನೇರ ಅಕ್ಕನಿಗೆ ಫೋನ್ ಮಾಡುತ್ತಾರೆ, ಕುರ್ಚಿ ಹಾಕಿ ಎಂದು.

ಅಕ್ಕನನ್ನು ಹೊಗಳಲು ಹೋದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಆವತ್ತು ಗೆದ್ದದ್ದು ಯಾರು ಎಂದರೆ ಕುರ್ಚಿ ಜರುಗಿಸಿದವಳು ಎನ್ನುತ್ತಾರೆ. ಈಗ ಕುರ್ಚಿಗಳನ್ನು ದುಂಡಗೆ ಹಾಕಿ ಹಾಗೇ ಬಿಡುತ್ತಾರೆ; ಯಾರ ಪಕ್ಕ ಯಾರು ಎನ್ನುವುದನ್ನು ಮಕ್ಕಳು ಬಂದು ತೀರ್ಮಾನಿಸುತ್ತಾರೆ. ನಿಮಗೊಂದು ಆಸೆ ಇಲ್ಲವೇ ಎಂದರೆ, ಮನೆಯ ಮೂರನೇ ಕುರ್ಚಿಗೆ ಕಾಲು ಹಾಕಿಸಬೇಕು ಎಂದು ಗಂಡನ ಕಡೆ ನೋಡುತ್ತಾರೆ.

ಕಳೆದ ವಾರ ಹುಡುಗಿಯಿಂದ ಫೋನ್ ಬಂತು. ಶನಿವಾರಕ್ಕೆ ಮಡಚು ಕುರ್ಚಿಗಳು ಬೇಕಿತ್ತು, ಅತ್ತೆಯ ಅಂಗಡಿಯಲ್ಲಿ ಸಭೆ ಎಂದಳು. ಏನಾದರೂ ತೊಂದರೆಯಾಯಿತೇ ಎಂದು ಅಕ್ಕ ಗಾಬರಿಯಾದರು. ತಾನು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದರು.

"ನೀವು ಬೇಡ ಅಕ್ಕಾ, ಕುರ್ಚಿ ಸಾಕು. ಮಾವ ಬಂದು ತಗೊಂಡು ಹೋಗ್ತಾನೆ," ಎಂದಳು ಹುಡುಗಿ. "ಹೋದ್ಸಲಕ್ಕಿಂತ ಒಂದು ಜಾಸ್ತಿ ಕೊಡಿ. ಅಮ್ಮನ್ನ ಮನೆಗೆ ಕಳಿಸ್ತಿದ್ದಾರೆ. ಅವಳು ಎಲ್ಲಿರ್ಬೇಕು, ಹೇಗಿರ್ಬೇಕು ಅಂತ ಎಲ್ರೂ ಕೂತು ಮಾತಾಡ್ಬೇಕು. ಅಮ್ಮನೇ ಆರಿಸ್ತಾಳೆ, ಕೇಕ್ ಯಾವುದು ಅಂತ."

ಶನಿವಾರ ಬೆಳಕು ಹರಿಯುವ ಮೊದಲೇ ಮಾವ ಬಂದ. ಅಕ್ಕ ಪ್ರತಿಯೊಂದು ಕುರ್ಚಿಯ ಮೇಲೂ ಕೂತು ಅಲ್ಲಾಡಿಸಿ ನೋಡಿಯೇ ಕೊಟ್ಟರು. ಹಿಂದಕ್ಕೆ ತರಲು ಅವಸರವೇನಿಲ್ಲ ಎಂದರು. ಗಾಡಿ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ಗಂಡ, ಕುರ್ಚಿಗಳೆಲ್ಲಾ ಹೊರಟವು, ನೀನಿನ್ನೂ ಇಲ್ಲೇ ನಿಂತಿದ್ದೀಯಲ್ಲ ಎಂದು ಕೂಗಿದರು.

"ನಾನು ಬೇಡವಂತೆ ರೀ," ಎಂದರು ಅಕ್ಕ, ಮುಖ ಊರಗಲ ಮಾಡಿಕೊಂಡು.